ಸಶಿಕೋ ಕಿಟ್ ತರಿಸಿದೆ, ಅವ್ವ ಹಿಂಬದಿ ತಿರುಗಿಸಿ ನೋಡಿದಳು

ದಾರ ಸಾಲಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ಅಷ್ಟು ಗೊತ್ತಾದರೆ ಸಾಕು. ಮಾರುವವರು ಹಾಕಿದ್ದ ಫೋಟೋದಲ್ಲಿ ಎರಡು ಲಡಿ ಬಿಳಿ ದಾರ ಇತ್ತು, ಬಂದದ್ದು ಒಂದು. ಬಟ್ಟೆಯ ಮೂರು ಮೂಲೆ ತುಂಬಿ ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸೂಜಿಯಲ್ಲಿ ಗೇಣುದ್ದ ದಾರ ಉಳಿದಿತ್ತು. ಇಷ್ಟಾದರೂ ಈ ಕಿಟ್‌ಗೆ ಐದಕ್ಕೆ ಮೂರೂವರೆ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕು, ನಡುವೆ ನಮ್ಮ ಅವ್ವನೂ ಬರುತ್ತಾಳೆ.

ಗೊತ್ತಿಲ್ಲದವರಿಗೆ: ಸಶಿಕೋ ಅಂದರೆ ಜಪಾನಿನ ಒಂದು ಕೈಹೊಲಿಗೆ. ಆ ಮಾತಿನ ಅರ್ಥವೇ ಸಣ್ಣ ಸಣ್ಣ ಚುಚ್ಚು. ಕಡುನೀಲಿ ಬಟ್ಟೆ, ಬಿಳಿ ಹತ್ತಿ ದಾರ, ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ. ಬೇರೇನಿಲ್ಲ. ಆ ಸಾದಾ ಹೊಲಿಗೆಯಲ್ಲೇ ಸಮುದ್ರದ ಅಲೆ, ನಕ್ಷತ್ರ, ಒಂದರೊಳಗೊಂದು ಸಿಕ್ಕಿಕೊಂಡ ಬಳೆಗಳಂಥ ವರ್ತುಲ, ಎಲ್ಲ ಬರುತ್ತದೆ. ಫೋನಿನಲ್ಲಿ ಕಸೂತಿ ವಿಡಿಯೋ ನೋಡುತ್ತಾ ಕೂತಿದ್ದೆ, ಒಂದರ ಹಿಂದೆ ಒಂದು ಇದರ ವಿಡಿಯೋಗಳೂ ಬರತೊಡಗಿದವು. ರಾತ್ರಿ ಹನ್ನೊಂದಕ್ಕೆ ಆರ್ಡರ್ ಹಾಕಿದೆ, ಬೆಳಿಗ್ಗೆ ಎದ್ದು ಹಣೆ ಚಚ್ಚಿಕೊಂಡೆ. ಕಿಟ್‌ಗೆ 1,890 ರೂಪಾಯಿ, ಕೊರಿಯರ್‌ಗೆ 160. ಧಾರವಾಡಕ್ಕೆ ಬರಲು 19 ದಿನ ತಗೊಂಡಿತು. ಅದರಲ್ಲಿ ನಾಲ್ಕು ದಿನ ಪಾರ್ಸಲ್ ಹುಬ್ಬಳ್ಳಿಯಲ್ಲೇ ಮಲಗಿತ್ತು. ನಾನು ದಿನಾ ಕೆಲಸಕ್ಕೆ ಹೋಗುವ ಊರಿಗೆ ಬಂದು ಕೂತ ಸಾಮಾನು, ನನ್ನ ಮನೆಗೆ ಬರಲು ನಾಲ್ಕು ದಿನ!

ಮಾರಿದವರ ಹೆಸರು ಹಾಕುತ್ತಿಲ್ಲ. ದೂರು ಅವರಿಗೇ ಬರೆದಿದ್ದೇನೆ. ಇಂಥ ಕಿಟ್ ಮಾಡುವ ಕಂಪನಿಗಳು ಜಪಾನಿನಲ್ಲಿ ಹಲವು ಇವೆ, ಒಳಗಿನ ಸಾಮಾನು ಹೆಚ್ಚೂ ಕಡಿಮೆ ಒಂದೇ ತರ. ಹಾಗಾಗಿ ಇದನ್ನು ಒಂದು ಕಂಪನಿಯ ರಿವ್ಯೂ ಅಂತ ಅಲ್ಲ, ಇಂಥ ಡಬ್ಬಿಯ ರಿವ್ಯೂ ಅಂತ ಓದಿಕೊಳ್ಳಿ.

ಡಬ್ಬಿ ತೆಗೆದರೆ ಒಳಗೆ ಒಂದು ಬಟ್ಟೆ, ಸುಮಾರು 33 ಸೆಂಟಿಮೀಟರ್ ಚೌಕ, ಎರಡು ಪದರ ಮಡಚಿದ್ದು. ಅದರ ಮೇಲೆ ಬಿಳಿ ಗೆರೆಯಲ್ಲಿ ಡಿಸೈನ್ ಮೊದಲೇ ಅಚ್ಚಾಗಿರುತ್ತದೆ, ಹೊಲಿದು ನೀರಿಗೆ ಹಾಕಿದರೆ ಗೆರೆ ಹೋಗುತ್ತದೆ. ಈ ಚೌಕ ಬಟ್ಟೆಗೆ ಅವರು ಹಾನಾಫುಕಿನ್ ಅನ್ನುತ್ತಾರೆ. ಹಾನಾ ಅಂದರೆ ಹೂವು, ಫುಕಿನ್ ಅಂದರೆ ಪಾತ್ರೆ ಒರೆಸುವ ಬಟ್ಟೆ. ಹೌದು, ಎರಡು ಸಾವಿರ ಕೊಟ್ಟು ನಾನು ತರಿಸಿದ್ದು ಪಾತ್ರೆ ಒರೆಸುವ ಬಟ್ಟೆ. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಟ್ಟೆ ಮಾತ್ರ ಚೆನ್ನಾಗಿದೆ. ಜಾಸ್ತಿ ಬಿಗಿ ನೇಯ್ಗೆ ಅಲ್ಲ, ಸೂಜಿ ಸಲೀಸಾಗಿ ಹೋಗುತ್ತದೆ. ಎರಡು ಸೂಜಿ ಕೊಟ್ಟಿದ್ದಾರೆ, ಉದ್ದ, ಕಣ್ಣು ದೊಡ್ಡದು, ಚಾಳೀಸು ಬಂದವರೂ ಒಂದೇ ಸಲಕ್ಕೆ ದಾರ ಪೋಣಿಸಬಹುದು. ದಾರ 20 ಮೀಟರ್ ಲಡಿ. ನಮ್ಮ ಆ್ಯಂಕರ್ ಕಸೂತಿ ದಾರದ ಲಡಿಯ ಹಾಗೆ ಆರು ಎಳೆ ಬಿಡಿಸಿಕೊಳ್ಳುವಂಥದ್ದಲ್ಲ, ಮೆತ್ತಗೆ ಹೊಸೆದ ಒಂದೇ ದಾರ. ಹೊಳಪಿಲ್ಲ. ಈ ಹೊಳಪಿಲ್ಲದ್ದು ಮುಂದೆ ನನಗೆ ತಲೆನೋವಾಯಿತು, ಹೇಳುತ್ತೇನೆ.

ಅಂಗುಸ್ತಾನ ನೋಡಿ ನಗು ಬಂತು. ನಮ್ಮ ದರ್ಜಿಗಳದ್ದು ಬೆರಳ ತುದಿಗೆ ಹಾಕುವ ಟೋಪಿ ಅಲ್ವಾ, ಇದು ನಡುಬೆರಳಿನ ಬುಡಕ್ಕೆ ಉಂಗುರದಂತೆ ಹಾಕುವ ಚರ್ಮದ ಪಟ್ಟಿ. ಅದಕ್ಕೆ ಅಂಗೈ ಕಡೆ ಒಂದು ತಗಡಿನ ಬಿಲ್ಲೆ. ಸೂಜಿಯ ಹಿಂತುದಿಯನ್ನು ಆ ಬಿಲ್ಲೆಗೆ ಆನಿಸಿ ಅಂಗೈಯಿಂದ ತಳ್ಳಬೇಕು. ಸೂಜಿ ಹೆಚ್ಚು ಅಲ್ಲಾಡುವುದಿಲ್ಲ, ಬಟ್ಟೆಯನ್ನೇ ಮೇಲೆ ಕೆಳಗೆ ಕುಣಿಸಿ ಸೂಜಿಗೆ ಏರಿಸುವುದು. ಏಳೆಂಟು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಒಮ್ಮೆಲೇ ಎಳೆದು, ಸುಕ್ಕಾದ ಬಟ್ಟೆಯನ್ನು ಹೆಬ್ಬೆರಳಿಂದ ಸಾಲಿನ ಉದ್ದಕ್ಕೂ ಸವರಿ ಹಗುರಾಗಿ ಬಿಡಿಸಬೇಕು. ಮೊದಲೆರಡು ದಿನ ನನಗೆ ಇದು ಬರಲೇ ಇಲ್ಲ. ಅಂಗುಸ್ತಾನ ನನ್ನ ಬೆರಳಿಗೆ ಸಡಿಲ, ಬಿಲ್ಲೆ ಸುತ್ತಿ ಸುತ್ತಿ ಬೆರಳಿನ ಹಿಂದೆ ಹೋಗುತ್ತಿತ್ತು. ಒಳಗೆ ಒಂದು ಸುತ್ತು ಬ್ಯಾಂಡೇಜ್ ಪಟ್ಟಿ ಸುತ್ತಿದೆ, ಸರಿಹೋಯಿತು. ಮೂರನೇ ದಿನ ಕೈ ಒಗ್ಗಿತು ನೋಡಿ, ಆಮೇಲೆ ಬಿಡಲು ಮನಸ್ಸೇ ಆಗಲಿಲ್ಲ. ಒಂದು ಸಾಲು ಹೊಲಿದು ಅನ್ನಕ್ಕೆ ಇಡೋಣ ಅಂತ ಕೂತವಳು ಏಳು ಸಾಲು ಹೊಲಿದು ಎದ್ದೆ. ಅವತ್ತು ಊಟ ಒಂಬತ್ತೂವರೆಗೆ.

ನನ್ನ ಡಿಸೈನ್ ಹೆಸರು ಅಸಾನೋಹಾ, ಆರು ಎಸಳಿನ ನಕ್ಷತ್ರದ ಹಾಗೆ ಕಾಣುತ್ತದೆ. ನಿಜದಲ್ಲಿ ಅದು ಎಲೆ. ನಾರಿಗಾಗಿ ಬೆಳೆಯುವ ಹೆಂಪ್ ಗಿಡದ ಎಲೆ. ಅಂದರೆ ನಮ್ಮ ಭಂಗಿ ಗಿಡದ ಜಾತಿಯೇ, ಇದನ್ನು ಮಾತ್ರ ಅವ್ವನಿಗೆ ಇನ್ನೂ ಹೇಳಿಲ್ಲ. ಆ ಗಿಡ ಬೇಗ ಬೇಗ ನೆಟ್ಟಗೆ ಬೆಳೆಯುತ್ತದೆ, ಮಗುವೂ ಹಾಗೇ ಬೆಳೆಯಲಿ ಅಂತ ಕೂಸಿನ ಬಟ್ಟೆಗೆ ಈ ಡಿಸೈನ್ ಹಾಕುವ ರೂಢಿ ಜಪಾನಿನಲ್ಲಿ ಇತ್ತು. ನಮ್ಮ ಅಕ್ಕನ ಮಗಳು, ಒಂಬತ್ತನೇ ಕ್ಲಾಸು ಓದುತ್ತಾಳೆ, ನೋಡಿದ ಕೂಡಲೇ ಅನಿಮೆಯಲ್ಲಿ ಬರುವ ಹುಡುಗಿಯ ಕಿಮೋನೋ ಮೇಲೆ ಇದೇ ಇದೆ ಅಂತ ಫೋನ್ ತೆಗೆದು ತೋರಿಸಿದಳು. ಹೌದು, ಅದೇ ಎಲೆ. ಅವಳು ಅಲ್ಲಿಯ ತನಕ ನಾನು ಮಾಡುವ ಯಾವ ಕೈಕೆಲಸವನ್ನೂ ತಿರುಗಿ ನೋಡಿದವಳಲ್ಲ.

ಈಗ ಅವ್ವ. ಸಪ್ತಾಪುರದ ನಮ್ಮ ಮನೆಯಲ್ಲಿ ಅವ್ವ ಕಸೂತಿ ಹಾಕುತ್ತಾ ಬಂದು ನಲವತ್ತು ವರ್ಷದ ಮೇಲಾಯಿತು. ಮದುವೆ ಸೀರೆಗೆ, ಕುಬುಸಕ್ಕೆ, ಆರ್ಡರ್ ತಗೊಂಡು ಹಾಕಿದ್ದೂ ಇದೆ. ಮೂರನೇ ದಿನ ನನ್ನ ಕೈಯಿಂದ ಬಟ್ಟೆ ತಗೊಂಡು, ದೂರ ಹಿಡಿದು, ಹತ್ತಿರ ಹಿಡಿದು, "ಏನವಾ ಇದು, ಎರಡ ಸಾವಿರ ಕೊಟ್ಟು ಕೌದಿ ಹೊಲಗಿ ತರಸೀಯಲ್ಲ" ಅಂದಳು. ಬೆಲೆ ಹೇಗೆ ಗೊತ್ತಾಯಿತು ಅಂದರೆ ಪಾರ್ಸಲ್ ಮೇಲಿನ ಚೀಟಿ.

ತಮಾಷೆಗೆ ಅಂದದ್ದು, ಆದರೆ ಅವಳು ಹೇಳಿದ್ದು ಪಕ್ಕಾ. ಸಶಿಕೋ ಹುಟ್ಟಿದ್ದು ಕೌದಿ ಹುಟ್ಟಿದ ಕಾರಣಕ್ಕೇ. ಜಪಾನಿನ ಉತ್ತರಕ್ಕೆ ತೊಹೊಕು ಅಂತ ಒಂದು ಸೀಮೆ, ಅಲ್ಲಿನ ಚಳಿಗೆ ಹತ್ತಿ ಬೆಳೆಯುತ್ತಿರಲಿಲ್ಲ. ಬಡವರಿಗೆ ಇದ್ದದ್ದು ಒರಟು ನಾರುಬಟ್ಟೆ. ಒಸಾಕಾ ಕಡೆಯಿಂದ ಹಡಗಿನಲ್ಲಿ ಯಾರೋ ಉಟ್ಟು ಬಿಟ್ಟ ಹಳೇ ಹತ್ತಿ ಬಟ್ಟೆಗಳು ಬರುತ್ತಿದ್ದವು, ಚೂರು ಸಿಕ್ಕರೂ ಬಿಡುತ್ತಿರಲಿಲ್ಲ. ಪದರದ ಮೇಲೆ ಪದರ ಇಟ್ಟು ಹೊಲಿದು, ಹರಿದರೆ ತೇಪೆ, ತೇಪೆ ಹರಿದರೆ ಅದರ ಮೇಲೆ ತೇಪೆ. ಹಾಗೆ ತಲೆಮಾರುಗಟ್ಟಲೆ ತೇಪೆ ಹಾಕಿದ ಬಟ್ಟೆಗೆ ಬೋರೋ ಅನ್ನುತ್ತಾರೆ, ಚಿಂದಿ ಅಂತ ಅರ್ಥ. ನಮ್ಮ ಆಯಿಯ ಹಳೇ ಇಳಕಲ್ ಸೀರೆ, ಅಜ್ಜನ ಧೋತರ ಸೇರಿಸಿ ಹೊಲಿದ ಕೌದಿ ಇನ್ನೂ ಅಟ್ಟದ ಮೇಲಿದೆ, ಬೋರೋ ಫೋಟೋ ಪಕ್ಕ ಇಟ್ಟರೆ ಎರಡೂ ಒಂದೇ ಮನೆಯವು ಅನ್ನಬೇಕು. ಬೆಂಕಿ ಆರಿಸುವವರೂ ಇದನ್ನೇ ಹಾಕುತ್ತಿದ್ದರು. ಈಗಿನ ಟೋಕಿಯೋಗೆ ಆಗ ಎಡೊ ಅಂತ ಹೆಸರು, ಕಟ್ಟಿಗೆ ಮನೆಗಳ ಊರು, ಬೆಂಕಿ ಬೀಳುತ್ತಲೇ ಇತ್ತು. ಹಲವು ಪದರ ಸೇರಿಸಿ ಸಶಿಕೋ ಹೊಲಿದ ಕೋಟು ತೊಟ್ಟು, ಮೈತುಂಬ ನೀರು ಸುರಿದುಕೊಂಡು ಬೆಂಕಿಗೆ ನುಗ್ಗುತ್ತಿದ್ದರು. ಕೋಟಿನ ಒಳಮೈಗೆ ದೊಡ್ಡ ಡ್ರ್ಯಾಗನ್ನು, ವೀರರ ಚಿತ್ರ. ಬೆಂಕಿ ಆರಿದ ಮೇಲೆ ಕೋಟು ತಿರುವಿ ಹಾಕಿಕೊಂಡು ಬೀದಿಯಲ್ಲಿ ಮೆರೆಯುತ್ತಾ ಬರುವುದು! ಜೂಡೋ ಕಲಿಯುವವರು ಹಾಕುವ ದಪ್ಪ ಬಿಳಿ ಅಂಗಿ ನೋಡಿದ್ದೀರಲ್ಲ, ಆ ಉಬ್ಬು ಉಬ್ಬು ಬಟ್ಟೆಗೂ ಸಶಿಕೋ ಅಂತಲೇ ಹೆಸರು, ಅದು ಈಗ ಮಗ್ಗದಲ್ಲೇ ನೇಯ್ದು ಬರುತ್ತದೆ.

ಇದೆಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡು, "ಮುಂದ ಚಂದ ಐತಿ ಬಿಡು. ಹಿಂದ ತೋರಸು" ಅಂದಳು.

ಕಸೂತಿ ಹಾಕುವ ಮನೆಯಲ್ಲಿ ಬೆಳೆದವರಿಗೆ ಈ ಮಾತು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಈ ಎರಡೂ ಸರಿಯಾಗಿ ಬಂದಿದ್ದರೆ ಬಟ್ಟೆಯ ಮುಂದೆ ಯಾವುದು, ಹಿಂದೆ ಯಾವುದು ಗೊತ್ತಾಗಬಾರದು. ಗಂಟು ಹಾಕುವಂತಿಲ್ಲ. ಪೆನ್ಸಿಲ್ ಗುರುತು ಹಾಕುವಂತಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲ ಬರಬೇಕು. ಅದೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಎಳೆ ಕಣ್ಣಿಗೇ ಕಾಣದ ಬಟ್ಟೆಯಲ್ಲಿ. ಒಂದು ಎಳೆ ತಪ್ಪಿದರೆ ಆನೆಗೆ ಐದನೇ ಕಾಲು.

ನಾನು ಹಿಂದೆ ತಿರುಗಿಸಿ ಕೊಟ್ಟೆ. ಸಶಿಕೋದ ಹಿಂಬದಿ ಕಸೂತಿಯಷ್ಟು ಕಟ್ಟುನಿಟ್ಟಲ್ಲ. ಮುಂದಿನ ಹೊಲಿಗೆ ಅಕ್ಕಿಕಾಳಿನ ಹಾಗೆ ಕಾಣಬೇಕು, ಮುಂದೆ ಮೂರು ಪಾಲು ಇದ್ದರೆ ಹಿಂದೆ ಎರಡು ಪಾಲು, ಅದು ಲೆಕ್ಕ. ಒಂದು ಗೆರೆಯಿಂದ ಇನ್ನೊಂದಕ್ಕೆ ದಾಟುವಾಗ ದಾರ ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಬಟ್ಟೆ ಜಗ್ಗುತ್ತದೆ. ಆದರೆ ಈ ಫುಕಿನ್ ಎರಡು ಪದರ ಇರುವುದರಿಂದ ಆ ಓಡಾಟವೆಲ್ಲ ಪದರದ ನಡುವೆ ಮುಚ್ಚಿಹೋಗುತ್ತದೆ. ಗಂಟು ಇಲ್ಲಿಯೂ ಇಲ್ಲ, ಎರಡು ಮೂರು ಹೊಲಿಗೆಯ ಮೇಲೆ ಮತ್ತೆ ಹೊಲಿದು ದಾರ ಕತ್ತರಿಸುವುದು. ಅವ್ವ ಕನ್ನಡಕ ಏರಿಸಿ, ಬೆರಳಾಡಿಸಿ, ಗಂಟು ಹುಡುಕಿದಳು. ಸಿಗಲಿಲ್ಲ. "ನಡೀತೈತಿ" ಅಂದಳು. ನಮ್ಮ ಮನೆಯಲ್ಲಿ ಇದು ಡಿಸ್ಟಿಂಕ್ಷನ್. ಆಮೇಲೆ ನಕ್ಷತ್ರದ ನಡುವೆ ತೋರಿಸಿ ಇಲ್ಲಿ ಉಬ್ಬಿದೆ ಅಂದಳು. ಸರಿಯೇ, ಆರು ಗೆರೆ ಕೂಡುವ ಜಾಗದಲ್ಲಿ ಎಲ್ಲ ದಾರ ಒಂದರ ಮೇಲೊಂದು ಬರಬಾರದು, ಚೂರು ಖಾಲಿ ಬಿಡಬೇಕು. ನಾನು ಮೊದಲ ಆರೇಳು ನಕ್ಷತ್ರದಲ್ಲಿ ಬಿಟ್ಟಿರಲಿಲ್ಲ. ಸೂಚನೆ ಹಾಳೆಯಲ್ಲಿ ಅದರ ಚಿತ್ರ ಇತ್ತು, ನಾನೇ ಗಮನಿಸಿರಲಿಲ್ಲ.

ಸೂಚನೆ ಹಾಳೆಯ ಕಥೆ ಬೇರೆಯೇ ಇದೆ. ಪೂರ್ತಿ ಜಪಾನಿ ಭಾಷೆ. ಚಿತ್ರ ಚೆನ್ನಾಗಿವೆ, ಮುಕ್ಕಾಲು ಪಾಲು ಚಿತ್ರ ನೋಡಿಯೇ ತಿಳಿಯುತ್ತದೆ. ಉಳಿದದ್ದಕ್ಕೆ ಫೋನ್ ಕ್ಯಾಮೆರಾ ಹಿಡಿದು ಕನ್ನಡಕ್ಕೆ ಅನುವಾದ ಮಾಡಿಸಿದೆ. ಒಂದು ಕಡೆ "ನೀರಿನ ಮೊದಲು ಕಬ್ಬಿಣ ಬೇಡ" ಅಂತ ಬಂತು. ಸರಿ, ತುಕ್ಕಿನ ಕಲೆ ಆಗುತ್ತದೆ ಅಂತ ಇರಬೇಕು, ಕಬ್ಬಿಣದ ಬಕೆಟ್ ನಮ್ಮಲ್ಲಿ ಎಲ್ಲಿದೆ ಅಂದುಕೊಂಡು ಮುಂದೆ ಹೋದೆ. ಅದು ಇಸ್ತ್ರಿ! ಗೆರೆ ತೊಳೆದು ಹೋಗುವ ಮುಂಚೆ ಇಸ್ತ್ರಿ ಮಾಡಬೇಡಿ, ಬಿಸಿಗೆ ಗೆರೆ ಬಟ್ಟೆಗೆ ಅಂಟುತ್ತದೆ ಅಂತ ಎಚ್ಚರಿಕೆ. ನಾನು ಹೊಲಿಯುವಾಗ ಸುಕ್ಕಾಗಿದೆ ಅಂತ ಒಂದು ಮೂಲೆಗೆ ಚೆನ್ನಾಗಿ ಬಿಸಿ ಇಸ್ತ್ರಿ ಎಳೆದಿದ್ದೆ. ಆ ಮೂಲೆಯ ಗೆರೆ ಮೂರು ಸಲ ನೆನೆಹಾಕಿದರೂ ಪೂರ್ತಿ ಹೋಗಿಲ್ಲ, ಬೆಳಕಿಗೆ ಹಿಡಿದರೆ ಹೊಲಿಗೆಯ ನಡುವೆ ಸಣ್ಣಗೆ ಕಾಣುತ್ತದೆ. ತಪ್ಪು ನನ್ನದೇ, ಆದರೂ ಇಲ್ಲಿ ಮಾರುವವರು ಒಂದು ಕನ್ನಡದ ಹಾಳೆ ಬೇಡ, ಇಂಗ್ಲಿಷಿನದಾದರೂ ಒಂದು ಚೀಟಿ ಹಾಕಬಹುದಿತ್ತು. ಇದಕ್ಕೆ ಅರ್ಧ ಅಂಕ ಕಟ್. ಅಂದಹಾಗೆ ಮೊದಲ ಸಲ ನೆನೆಹಾಕಿದಾಗ ನೀರು ನೀಲಿಯಾಗುತ್ತದೆ, ಗಾಬರಿ ಬೇಡ, ಬಿಳಿ ಬಟ್ಟೆಯ ಜೊತೆ ಮಾತ್ರ ಹಾಕಬೇಡಿ.

ಹೊಲಿದದ್ದು ಹೆಚ್ಚಾಗಿ ಚಿಗರಿ ಬಸ್ಸಿನಲ್ಲಿ. ಜುಬಿಲಿ ಸರ್ಕಲ್‌ನಲ್ಲಿ ಹತ್ತಿದರೆ, ಸೀಟು ಸಿಕ್ಕಿದರೆ, ಹುಬ್ಬಳ್ಳಿಯ ತನಕ ಒಂದು ನಕ್ಷತ್ರ ಮುಗಿಯುತ್ತದೆ. ಕಸೂತಿಯನ್ನು ಬಸ್ಸಿನಲ್ಲಿ ಹಾಕಲು ಸಾಧ್ಯವೇ ಇಲ್ಲ, ಎಣಿಕೆ ತಪ್ಪುತ್ತದೆ. ಇಲ್ಲಿ ಗೆರೆ ಅಚ್ಚಾಗಿರುವುದರಿಂದ ಯಾರಾದರೂ ಮಾತಾಡಿಸಿದರೂ ನಡೆಯುತ್ತದೆ. ಮಾತಾಡಿಸಿದರು ಕೂಡ. ಪಕ್ಕ ಕೂತವರೊಬ್ಬರು "ಅಕ್ಕಾರ, ಇದು ಕಸೂತಿ ಏನ್ರಿ?" ಅಂದರು. ಜಪಾನಿನದು ಅಂದೆ. "ನಮ್ಮ ಕೌದಿ ಇದ್ದಂಗ ಐತಲ್ರಿ" ಅಂದರು. ಅವ್ವನೊಬ್ಬಳೇ ಅಲ್ಲ ಅಂತಾಯಿತು.

ಕೌದಿ ಕೌದಿ ಅಂತ ಕೇಳಿ ಕೇಳಿ ನನಗೂ ಹಟ ಬಂತು. ಎಣಿಸಿ ಹೊಲಿಯುವ ಸಶಿಕೋನೂ ಇದೆ ಅಂತ ಅವ್ವನಿಗೆ ಫೋನಿನಲ್ಲಿ ಕೋಗಿನ್ ಫೋಟೋ ತೋರಿಸಿದೆ. ಕೋಗಿನ್ ಹುಟ್ಟಿದ್ದು ತ್ಸುಗಾರು ಅನ್ನುವ ಕಡೆ, ಈಗಿನ ಅವೊಮೊರಿ. ಅಲ್ಲಿ ರೈತರು ಹತ್ತಿ ಬಟ್ಟೆ ಉಡಬಾರದು ಅಂತ ಆಳುವವರ ಕಟ್ಟಳೆ ಇತ್ತು. ಬಟ್ಟೆ ತಾನೇ ಬೇಡ ಅಂದಿರಿ, ದಾರಕ್ಕೆ ಏನಾಗಿದೆ ಅಂತ ಹೆಂಗಸರು ನಾರುಬಟ್ಟೆಯ ಸಂದಿಗಳನ್ನೆಲ್ಲ ಹತ್ತಿ ದಾರದಲ್ಲಿ ತುಂಬಿಬಿಟ್ಟರು, ಎಳೆ ಎಣಿಸಿ, 1, 3, 5 ಅಂತ ಬೆಸ ಲೆಕ್ಕದಲ್ಲಿ. ಪಕ್ಕದ ನಾಂಬು ಸೀಮೆಯವರದು ಸಮ ಲೆಕ್ಕ. 1891ರಲ್ಲಿ ಅವೊಮೊರಿಗೆ ರೈಲು ಬಂತು, ಹತ್ತಿ ಬಟ್ಟೆ ಸಲೀಸಾಗಿ ಸಿಗತೊಡಗಿತು, ಕೋಗಿನ್ ಹೊಲಿಯುವವರು ಕಡಿಮೆಯಾದರು. ಮತ್ತೆ ಜನ ಅದರ ಕಡೆ ತಿರುಗಿದ್ದಕ್ಕೆ ಯಾನಾಗಿ ಸೊಯೆತ್ಸು ಅನ್ನುವವರೂ ಒಂದು ಕಾರಣ. ದಿನಬಳಕೆಯ ಸಾಮಾನಿನಲ್ಲೇ ಚಂದ ಇದೆ ಅಂತ ಬರೆಯುತ್ತಾ, ಹಳ್ಳಿಯವರ ಮಡಕೆ, ಬುಟ್ಟಿ, ಬಟ್ಟೆ ಕೂಡಿಸಿ 1936ರಲ್ಲಿ ಟೋಕಿಯೋದಲ್ಲಿ ಒಂದು ಮ್ಯೂಸಿಯಮ್ಮೇ ತೆರೆದರು.

ಅವ್ವ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಫೋಟೋ ದೊಡ್ಡದು ಮಾಡಿಸಿ, "ಇದು ನೇಗಿ" ಅಂದಳು. ಅಷ್ಟೇ. ಎದ್ದು ಹೋಗಿ ತನ್ನ ಬಿಸ್ಕಿಟ್ ಡಬ್ಬಿಯಿಂದ ಒಂದು ಚೂರು ಮ್ಯಾಟಿ ಬಟ್ಟೆ (ಎಳೆ ಎಣಿಸಲು ಬರುವಂಥದ್ದು) ತಂದಳು. ನೇಗಿ ಅಂದರೆ ಉದ್ದ ಗಿಡ್ಡ ಸಾದಾ ಹೊಲಿಗೆಯಲ್ಲಿ ನೇಯ್ದ ಹಾಗೆ ಕಾಣಿಸುವುದು, ಕೋಗಿನ್‌ನಲ್ಲೂ ಅದೇ ಕೆಲಸ. ನಾನು ಧಾರಾವಾಹಿ ನೋಡಿ ಮುಗಿಸುವಷ್ಟರಲ್ಲಿ ಫೋಟೋದಲ್ಲಿದ್ದ ಡೈಮಂಡ್ ಅವಳ ಬಟ್ಟೆಯ ಮೇಲೆ ಕೂತಿತ್ತು. ಕಿಟ್ ಇಲ್ಲ, ಹಾಳೆ ಇಲ್ಲ, ಅಂಗೈಗೆ ತಗಡೂ ಇಲ್ಲ.

ಅವತ್ತು ನಮ್ಮಿಬ್ಬರಿಗೂ ಸಣ್ಣ ಜಗಳ ಆಯಿತು. ನಾನು ಅಂದೆ, ಕಸೂತಿಗೂ ಇಂಥ ಒಂದು ಡಬ್ಬಿ ಬೇಕಿತ್ತು. ಸುಭಾಸ್ ರಸ್ತೆಯಲ್ಲಿ, ಹುಬ್ಬಳ್ಳಿ ದುರ್ಗದಬೈಲಿನಲ್ಲಿ ನಾನು ಹೋದ ಮೂರ್ನಾಲ್ಕು ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಬೇರೆ, ದಾರ ಬೇರೆ, ರಿಂಗು ಬೇರೆ ಸಿಗುತ್ತದೆ. ಬಟ್ಟೆ, ದಾರ, ಸೂಜಿ, ಮೊದಲು ಎಲ್ಲಿ ಸೂಜಿ ಹಾಕಬೇಕು ಅನ್ನುವ ಚಿತ್ರ ಎಲ್ಲ ಸೇರಿಸಿ ಒಂದು ಗೋಪುರದ ಕಿಟ್ ಕೊಡಿ ಅಂದರೆ ನನ್ನ ಮುಖ ನೋಡಿದರು. ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿರುವ ಕಲೆ, ಅದೂ ನಮ್ಮೂರಲ್ಲೇ! ಅವ್ವನ ವಾದ ಬೇರೆ. "ಡಬ್ಬ್ಯಾಗ ಹಾಕಿ ಕೊಟ್ರ ಕಲೀತಾರೇನ? ಬಾಜೂಕ ಕುಂತ ಕಲೀಬೇಕು."

ಬಾಜೂಕ ನಾನೂ ಕೂತಿದ್ದೆ. ಹತ್ತು ವರ್ಷದವಳಿದ್ದಾಗ ಒಂದು ಬೇಸಿಗೆ ರಜೆ ಪೂರ್ತಿ. ಎಣಿಕೆ ತಪ್ಪಿದಾಗಲೆಲ್ಲ ಅವ್ವ ಮಾತಾಡದೆ ಬಿಚ್ಚುತ್ತಿದ್ದಳು, ನಾನು ಮತ್ತೆ ಹಾಕುತ್ತಿದ್ದೆ, ಅವಳು ಮತ್ತೆ ಬಿಚ್ಚುತ್ತಿದ್ದಳು. ಜೂನ್‌ನಲ್ಲಿ ಶಾಲೆ ಶುರುವಾದಾಗ ಬದುಕಿದೆ ಅನ್ನಿಸಿತ್ತು. ಆಮೇಲೆ ಈ ಡಬ್ಬಿ ಬರುವ ತನಕ ನಾನು ಸೂಜಿ ಹಿಡಿದದ್ದು ಗುಂಡಿ ಹಚ್ಚಲು ಮಾತ್ರ. ಈ ಕಿಟ್‌ನ ನಿಜವಾದ ಗುಣ ನನಗೆ ಕಂಡದ್ದು ಇಲ್ಲೇ: ಇದು ಬಿಚ್ಚುವುದಿಲ್ಲ. ವಕ್ರ ಹೊಲಿದರೆ ವಕ್ರವೇ ಇರುತ್ತದೆ, ಅಚ್ಚಿನ ಗೆರೆ ಸುಮ್ನೆ ಮುಂದೆ ಕರೆದುಕೊಂಡು ಹೋಗುತ್ತದೆ, ನೂರನೇ ಹೊಲಿಗೆಯ ಹೊತ್ತಿಗೆ ನಿಮಗೇ ನಿಮ್ಮ ಮೊದಲ ಹತ್ತು ಹೊಲಿಗೆ ನೋಡಿ ನಾಚಿಕೆಯಾಗುತ್ತದೆ. ಮೂರೂವರೆಯಲ್ಲಿ ಎರಡು ಅಂಕ ಇದಕ್ಕೇ. ಅವ್ವನಿಗೆ ಇದನ್ನು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ, ಬಿಡಿ.

ಆದರೆ ಗೆರೆಯ ಮೇಲೆ ಹೊಲಿಯುವುದನ್ನೇ ಕಲೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಈಗ ಇದರಿಂದ ಏನೇನು ಮಾಡುತ್ತಿದ್ದಾರೆ ಅಂತ ಸ್ವಲ್ಪ ಹುಡುಕಿ ನೋಡಿ. 2011ರ ಸುನಾಮಿಯಲ್ಲಿ ಇವಾಟೆ ಪ್ರಾಂತ್ಯದ ಒತ್ಸುಚಿ ಅನ್ನುವ ಸಮುದ್ರದ ದಂಡೆಯ ಊರು ಹೆಚ್ಚುಕಡಿಮೆ ಕೊಚ್ಚಿಹೋಯಿತು. ಮನೆ ಕಳೆದುಕೊಂಡ ಹೆಂಗಸರಿಗೆ ಕೈಗೆ ಒಂದು ಕೆಲಸ ಇರಲಿ, ನಾಲ್ಕು ಕಾಸು ಬರಲಿ ಅಂತ ಅಲ್ಲಿ ಸಶಿಕೋ ಹೊಲಿಸಲು ಶುರು ಮಾಡಿದರು. ಅದೇ ಊರಿನ ಹೆಂಗಸರು ಈಗ ಸಶಿಕೋ ಗ್ಯಾಲ್ಸ್ ಅಂತ ಹೆಸರಿಟ್ಟುಕೊಂಡು ಸ್ನೀಕರ್ ಶೂಗಳ ಮೇಲೆಲ್ಲ ತೇಪೆ ಇಟ್ಟು ಹೊಲಿಯುತ್ತಾರೆ. ಅಜ್ಜಿಯರೂ ಇದ್ದಾರೆ ಅದರಲ್ಲಿ. ಶೂ ಮೇಲೆ ಕೈಹೊಲಿಗೆ ಅಂದರೆ ಎಷ್ಟು ಕಷ್ಟ ಅಂತ ಒಂದು ಸಲ ಚಪ್ಪಲಿಗೆ ಸೂಜಿ ಚುಚ್ಚಿ ನೋಡಿದರೆ ತಿಳಿಯುತ್ತದೆ. ಟೋಕಿಯೋ 2020 ಒಲಿಂಪಿಕ್ಸ್ ಲಾಂಛನ ನೆನಪಿದೆಯಾ, ಕಡುನೀಲಿ ಆಯತಗಳ ಚಕ್ರ? ಅದೂ ಇಚಿಮತ್ಸು ಅನ್ನುವ ಹಳೇ ಚೌಕಳಿ ಡಿಸೈನ್‌ನಿಂದಲೇ ಬಂದದ್ದು, ಮೂರು ಬಗೆಯ ಆಯತಗಳನ್ನು ಹೊಸದಾಗಿ ಜೋಡಿಸಿದ್ದಾರೆ. ಇಂಥದ್ದು ನಮ್ಮಲ್ಲಿ ಆಗಿಲ್ಲ ಅಂತಲೂ ಅಲ್ಲ. ಇಲ್ಲಿಂದ ಒಂದು ತಾಸು ದೂರದ ಹಳಿಯಾಳ, ಆ ಕಡೆ ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಗ್ಯಾಲರಿಗಳ ಗೋಡೆಗೆ ತೂಗುಹಾಕುತ್ತಾರೆ, ಹೊರದೇಶದಲ್ಲೂ. ಹಾಗಾಗಿ ಅವರಿಗೆ ಬರುತ್ತದೆ, ನಮಗೆ ಬರುವುದಿಲ್ಲ ಅನ್ನುವ ಗೋಳಾಟ ನನಗೆ ಇಷ್ಟವಿಲ್ಲ. ನನ್ನ ಗೋಳು ಆ ಗೋಪುರದ ಕಿಟ್ ಒಂದೇ.

ಕಿಟ್ ಮುಗಿದ ಮೇಲೆ ಅದರ ಹಂಗಿಲ್ಲದೆ ಒಂದು ಮಾಡೋಣ ಅಂತ ಖಾದಿ ಅಂಗಡಿಗೆ ಹೋದೆ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗ ನಮ್ಮ ಪಕ್ಕದಲ್ಲೇ ಇದೆ, ಧ್ವಜ ಹೊಲಿಯುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ, ಇಷ್ಟಿದ್ದೂ ನಾನು ಜಪಾನಿನಿಂದ ಚೌಕ ಬಟ್ಟೆ ತರಿಸಿದ್ದು ನೋಡಿ. ಅರ್ಧ ಮೀಟರ್ ನೀಲಿ ಖಾದಿ ತಗೊಂಡು, ಮೊದಲು ತೊಳೆದು (ಖಾದಿ ಕುಗ್ಗುತ್ತದೆ, ಮರೆಯಬೇಡಿ), ಎರಡು ಪದರ ಮಾಡಿ, ದರ್ಜಿಗಳ ಸೀಮೆಸುಣ್ಣದಿಂದ ಅರ್ಧ ಸೆಂಟಿಮೀಟರ್‌ಗೆ ಒಂದು ಗೆರೆಯ ಹಾಗೆ ಅಡ್ಡ ಉದ್ದ ಚೌಕ ಹಾಕಿದೆ. ಇದಕ್ಕೆ ಹಿತೊಮೆಜಾಶಿ ಅನ್ನುತ್ತಾರೆ: ಅಡ್ಡಕ್ಕೆ ಒಂದು ಬಿಟ್ಟು ಒಂದು, ಆಮೇಲೆ ಉದ್ದಕ್ಕೆ ಒಂದು ಬಿಟ್ಟು ಒಂದು. ಅಡ್ಡ ಸಾಲುಗಳಷ್ಟೇ ಇರುವ ತನಕ ಏನೂ ಕಾಣುವುದಿಲ್ಲ, ಬೇಜಾರಾಗುತ್ತದೆ. ಉದ್ದ ಸಾಲು ಮೂರು ನಾಲ್ಕು ಬೀಳುತ್ತಲೇ ಎಲ್ಲಿಂದಲೋ ಹೂವು ಎದ್ದು ಬರುತ್ತದೆ. ಕಾಕಿನೋಹಾನಾ, ಪರ್ಸಿಮನ್ ಹಣ್ಣಿನ ಗಿಡದ ಹೂವು. ಬಟ್ಟೆ, ದಾರ, ಸೀಮೆಸುಣ್ಣ ಎಲ್ಲ ಸೇರಿ 300 ರೂಪಾಯಿಯೊಳಗೆ ಮುಗಿಯಿತು. ಈ ಲೆಕ್ಕ ಹಾಕಿದ ದಿನ ಕಿಟ್‌ಗೆ ಇನ್ನೂ ಅರ್ಧ ಅಂಕ ಕಡಿಮೆ ಮಾಡಿದೆ. ಆದರೆ ಕಿಟ್ ಬರದಿದ್ದರೆ ಖಾದಿ ಅಂಗಡಿಗೆ ಹೋಗುತ್ತಿದ್ದೆನಾ, ಇಲ್ಲ.

ತಗೊಳ್ಳಬೇಕಾ? ಸೂಜಿ ಹಿಡಿದೇ ಗೊತ್ತಿಲ್ಲದವರು, ಎಣಿಕೆಗೆ ಹೆದರಿ ಕಸೂತಿ ಬಿಟ್ಟವರು ತಗೊಳ್ಳಿ, ಒಂದು ಸಲಕ್ಕೆ. ಎರಡನೇ ಕಿಟ್ ಬೇಡ, ಅಷ್ಟರಲ್ಲಿ ಕೈ ಬಂದಿರುತ್ತದೆ. ಕಸೂತಿ ಚೆನ್ನಾಗಿ ಬರುವವರಿಗೆ ದುಡ್ಡು ದಂಡ, ಮ್ಯಾಟಿ ಬಟ್ಟೆ ಒಂದು ಚೂರು, ಫೋನಿನಲ್ಲಿ ಒಂದು ಕೋಗಿನ್ ಫೋಟೋ ಸಾಕು. ಬೇಕಾದರೆ ಅಂಗುಸ್ತಾನ ಒಂದೇ ಬಿಡಿಯಾಗಿ ತರಿಸಿ, ಅದು ಇಲ್ಲಿ ಸಿಗುವುದಿಲ್ಲ, ಒಗ್ಗಿದ ಮೇಲೆ ಬಿಡಲಾಗುವುದಿಲ್ಲ. ದುಡ್ಡು ಹಾಕುವ ಮೊದಲು ದಾರ ಎಷ್ಟು ಮೀಟರ್ ಅಂತ ಬರೆದು ಕೇಳಿ, ಫೋಟೋ ನಂಬಬೇಡಿ.

ಆ ನಾಲ್ಕನೇ ಮೂಲೆ ಏನಾಯಿತು ಅಂದರೆ, ಮೊದಲು ಬಿಳಿ ಆ್ಯಂಕರ್ ಲಡಿ ತಂದು ಆರೂ ಎಳೆ ಸೇರಿಸಿ ಹೊಲಿದೆ. ಮಿಣಮಿಣ ಹೊಳೆಯಿತು, ಮೂರು ಮೂಲೆ ಹತ್ತಿಯದು, ಒಂದು ರೇಷ್ಮೆಯದು ಅನ್ನುವ ಹಾಗೆ. ಬಿಚ್ಚಿದೆ. ಕ್ರೋಶಾ ದಾರ ನೋಡಿದೆ, ಬಿರುಸು. ಕೊನೆಗೆ ಅವ್ವ ಕೌದಿ ಹೊಲಿಯುವ ದಾರ ಎರಡೆಳೆ ಹೊಸೆದು ಕೊಟ್ಟಳು. ಹೊಳಪಿಲ್ಲ, ದಪ್ಪ ಸರಿಹೊಂದಿತು, ಬಣ್ಣ ಮಾತ್ರ ಕೂದಲೆಳೆಯಷ್ಟು ಹಳದಿ. ತೊಳೆದ ಮೇಲೆ ಹುಡುಕಿದರಷ್ಟೇ ಗೊತ್ತಾಗುತ್ತದೆ. ರೊಟ್ಟಿ ಡಬ್ಬಿಗೆ ಸುತ್ತೋಣ ಅಂದೆ, ಬಣ್ಣ ಬಿಡುವ ಅರಿವೆ ರೊಟ್ಟಿಗೆ ಬೇಡ ಅಂತ ಅವ್ವ ಬಿಡಲಿಲ್ಲ. ಈಗ ಮಿಕ್ಸರ್ ಮೇಲೆ ಮುಚ್ಚಿದ್ದೇವೆ.

ದೂರಿಗೆ ಮಾರಿದವರು ಉತ್ತರ ಕೊಟ್ಟರು, ಕ್ಷಮೆ ಕೇಳಿ ಇನ್ನೊಂದು ಲಡಿ ಕಳಿಸಿದರು. ಬರಲು 12 ದಿನ. ಅಷ್ಟರಲ್ಲಿ ಮೂಲೆ ಮುಗಿದಿತ್ತು. ಖಾದಿ ಬಟ್ಟೆಗೆ ಬೇಕು ಅಂತ ಹುಡುಕಿದರೆ ಲಡಿ ಕಾಣಲಿಲ್ಲ. ಅವ್ವನ ಬಿಸ್ಕಿಟ್ ಡಬ್ಬಿಯಲ್ಲಿತ್ತು. ಕೇಳಿದೆ. "ನೇಗಿಗೆ ಭಾಳ ಚಲೋ ಕುಂದರತೈತಿ ಇದು, ನೀ ಕೌದಿ ದಾರದಾಗ ಹೊಲಿ" ಅಂದಳು. ಇನ್ನೂ ಕೊಟ್ಟಿಲ್ಲ.